ಅಮ್ಮನಿಗೆ ಹೇಳುವ ದೃಶ್ಯ ಬೇಕೇ?

ಪ್ರಶ್ನೆ: ಹದಿನೈದು ನಿಮಿಷದ ಒಂದು ಕಿರುಚಿತ್ರ ಮಾಡಬೇಕೆಂದು ವರ್ಷದಿಂದ ಒದ್ದಾಡುತ್ತಿದ್ದೇನೆ. ಹತ್ತೊಂಬತ್ತರ ಹುಡುಗನೊಬ್ಬ ತನ್ನ ಮನಸ್ಸು ಹುಡುಗರ ಕಡೆಗೇ ವಾಲುತ್ತದೆ ಎಂದು ಕಂಡುಕೊಳ್ಳುವ ಕಥೆ. ಮೂರು ಸಲ ಬರೆದೆ. ಎರಡರಲ್ಲಿ ಕೊನೆಗೆ ಅಮ್ಮನ ಮುಂದೆ ಎಲ್ಲ ಹೇಳಿಕೊಂಡು ಅಳುತ್ತಾನೆ, ಒಂದರಲ್ಲಿ ಸಾಯುತ್ತಾನೆ. ಓದಿದ ಗೆಳೆಯರೆಲ್ಲ ‘ಇದು ನೋಡಿದ ಸಿನಿಮಾ’ ಅನ್ನುತ್ತಾರೆ. ಮೊದಲನೇ ಪ್ರತಿಯಲ್ಲಿ ಇನ್ನೊಂದು ದೃಶ್ಯವಿತ್ತು. ಸಂದರ್ಶನಕ್ಕೆ ಹೊರಟ ಗೆಳೆಯನಿಗೆ ನಮ್ಮ ಹುಡುಗ ಟೈ ಕಟ್ಟಿಕೊಡುತ್ತಾನೆ. ತನ್ನ ಕತ್ತಿಗೆ ಕಟ್ಟಿಕೊಂಡೇ ರೂಢಿ, ಎದುರು ನಿಂತರೆ ಕೈ ಓಡುವುದಿಲ್ಲ. ಹಾಗಾಗಿ ಗೆಳೆಯನ ಹಿಂದೆ ನಿಂತು, ಕನ್ನಡಿ ನೋಡಿಕೊಂಡು ಕಟ್ಟುತ್ತಾನೆ. ಅಲ್ಲಿ ಏನೂ ನಡೆಯುವುದಿಲ್ಲ ಅನ್ನಿಸಿ ತೆಗೆದುಹಾಕಿದೆ. ನಾನು ಎಡವುತ್ತಿರುವುದು ಎಲ್ಲಿ? ಯಾವ ಚಿತ್ರಗಳನ್ನು ನೋಡಲಿ? ಇನ್ನೊಂದು ಅಳುಕು: ನಾನು ಗೇ ಅಲ್ಲ, ನನ್ನ ಆಪ್ತ ಗೆಳೆಯ ಗೇ. ಈ ಕಥೆ ಹೇಳುವ ಹಕ್ಕು ನನಗಿದೆಯೇ?

ಉತ್ತರ: ಟೈ ಕಟ್ಟುವ ದೃಶ್ಯಕ್ಕೆ ಆಮೇಲೆ ಬರುತ್ತೇನೆ. ಮೊದಲು ಆ ಎರಡು ಕೊನೆಗಳ ವಿಚಾರ.

ಕಿರುಚಿತ್ರಗಳ ಆಯ್ಕೆ ಸಮಿತಿಗಳಲ್ಲಿ ಕೂತು ಕೂತು ನನಗೊಂದು ಚಟ ಅಂಟಿಕೊಂಡಿದೆ. ಗೇ ಹುಡುಗನ ಕಥೆ ಶುರುವಾದ ಎರಡನೇ ನಿಮಿಷಕ್ಕೆ ತಾಯಿ ತರಕಾರಿ ಹೆಚ್ಚುತ್ತಾ ಕಾಣಿಸಿಕೊಂಡರೆ, ಕಾಗದದ ಮೂಲೆಯಲ್ಲಿ ಬರೆದಿಡುತ್ತೇನೆ: ಹನ್ನೆರಡನೇ ನಿಮಿಷಕ್ಕೆ ಆ ಚಾಕು ನಿಲ್ಲುತ್ತದೆ. ಲೆಕ್ಕ ತಪ್ಪಿದ್ದು ಕಡಿಮೆ. ಹುಡುಗ ‘ಅಮ್ಮಾ, ನಿನ್ನ ಹತ್ತಿರ ಒಂದು ಮಾತು ಹೇಳಬೇಕು’ ಅನ್ನುತ್ತಾನೆ, ಚಾಕು ನಿಲ್ಲುತ್ತದೆ, ಕ್ಯಾಮೆರಾ ಅಮ್ಮನ ಮುಖಕ್ಕೆ ಹೋಗುತ್ತದೆ.

ಅಲ್ಲೇ ಇರುವುದು ಎಡವಟ್ಟು. ಕ್ಯಾಮೆರಾ ಅಮ್ಮನ ಮುಖಕ್ಕೆ ಹೋಗದೆ ವಿಧಿಯಿಲ್ಲ. ಏನು ಹೇಳಬೇಕೆಂದು ಹುಡುಗನಿಗೆ ಗೊತ್ತು, ನೋಡುತ್ತ ಕೂತ ನಮಗೂ ಗೊತ್ತು; ಗೊತ್ತಿಲ್ಲದವಳು ಅವಳೊಬ್ಬಳೇ. ಹಾಗಾಗಿ ನಮ್ಮ ಕುತೂಹಲವೆಲ್ಲ ಅವಳ ಕಡೆ ಹರಿಯುತ್ತದೆ. ಒಪ್ಪುತ್ತಾಳೋ, ಬಯ್ಯುತ್ತಾಳೋ, ತಬ್ಬಿಕೊಳ್ಳುತ್ತಾಳೋ? ಹನ್ನೆರಡು ನಿಮಿಷ ಹುಡುಗನ ಕಥೆಯಾಗಿದ್ದದ್ದು ಕೊನೆಯ ಮೂರು ನಿಮಿಷದಲ್ಲಿ ಅಮ್ಮನ ಕಥೆಯಾಗಿಬಿಡುತ್ತದೆ. ಅವನು ಅರ್ಜಿ ಹಿಡಿದು ನಿಂತವನು, ಅವಳು ತೀರ್ಪು ಕೊಡುವವಳು. ಸಾವಿನ ಕೊನೆ ಮಾಡುವುದೂ ಇದನ್ನೇ, ಇನ್ನೂ ಒರಟಾಗಿ. ಹುಡುಗ ಹೋದ ಮೇಲೆ ಉಳಿದವರು ಅಳುತ್ತಾರೆ, ಕೊರಗುತ್ತಾರೆ, ತಿದ್ದಿಕೊಳ್ಳುತ್ತಾರೆ. ಅವರು ತಿದ್ದಿಕೊಳ್ಳಲಿ ಎಂದೇ ಇವನು ಸತ್ತ ಹಾಗಿರುತ್ತದೆ. ನಿಮ್ಮ ಮೂರೂ ಪ್ರತಿಗಳಲ್ಲಿ ಕಥೆ ಹುಡುಗನದ್ದು, ಕೊನೆ ಮಾತ್ರ ಬೇರೆಯವರ ಕೈಯಲ್ಲಿ.

ಈ ಸಾವಿಗೆ ಹಳೆಯ ಚರಿತ್ರೆಯೂ ಇದೆ. ಅಮೆರಿಕದ ವಿಟೋ ರುಸ್ಸೋ 1981ರಲ್ಲಿ ಪ್ರಕಟಿಸಿ 1987ರಲ್ಲಿ ತಿದ್ದಿ ಬೆಳೆಸಿದ ‘ದ ಸೆಲ್ಯುಲಾಯ್ಡ್ ಕ್ಲೋಸೆಟ್’ ಎಂಬ ಪುಸ್ತಕದಲ್ಲಿ, ಸಿನಿಮಾಗಳಲ್ಲಿ ಗೇ ಮತ್ತು ಲೆಸ್ಬಿಯನ್ ಪಾತ್ರಗಳು ಹೇಗೆ ಹೇಗೆ ಸತ್ತವು ಎಂಬ ಒಂದು ಪಟ್ಟಿಯೇ ಇದೆ. ಚಿತ್ರದ ಹೆಸರು, ಎದುರಿಗೆ ಸಾವಿನ ಬಗೆ. ಪುರಸಭೆಯ ಮರಣ ರಿಜಿಸ್ಟರ್ ಓದಿದ ಹಾಗಾಗುತ್ತದೆ. ನಿಮ್ಮ ಹುಡುಗನನ್ನು ಅದಕ್ಕೆ ಸೇರಿಸುವ ಮುಂಚೆ ಒಮ್ಮೆ ಆ ಪಟ್ಟಿ ನೋಡಿ.

ಕಿರುಚಿತ್ರದ ಚರಿತ್ರೆಯಲ್ಲಿ ಇದಕ್ಕಿಂತ ಕಹಿಯಾದದ್ದೊಂದಿದೆ. 1961ರಲ್ಲಿ ಸಿಡ್ ಡೇವಿಸ್ ಎಂಬಾತ ‘ಬಾಯ್ಸ್ ಬಿವೇರ್’ ಎಂಬ ಸುಮಾರು ಹತ್ತು ನಿಮಿಷದ ಚಿತ್ರ ತೆಗೆದ. ಕ್ಯಾಲಿಫೋರ್ನಿಯಾದ ಇಂಗಲ್‌ವುಡ್ ಊರಿನ ಪೊಲೀಸರು ಮತ್ತು ಶಾಲಾ ಆಡಳಿತ ಅದಕ್ಕೆ ಕೈಜೋಡಿಸಿದ್ದರು. ತರಗತಿಯಲ್ಲಿ ಹುಡುಗರಿಗೆ ತೋರಿಸಲೆಂದೇ ಮಾಡಿದ ಎಚ್ಚರಿಕೆಯ ಚಿತ್ರ. ಮಕ್ಕಳ ಮೇಲೆ ಕಣ್ಣು ಹಾಕುವ ಅಪರಾಧಿಯನ್ನೂ, ಇನ್ನೊಬ್ಬ ಗಂಡಸನ್ನು ಪ್ರೀತಿಸುವ ಗಂಡಸನ್ನೂ ಅದು ಒಂದೇ ಹಗ್ಗಕ್ಕೆ ಕಟ್ಟುತ್ತದೆ, ಇದೊಂದು ರೋಗ ಅನ್ನುತ್ತದೆ. ತಾಂತ್ರಿಕವಾಗಿ ನನ್ನನ್ನು ಹಿಡಿದು ನಿಲ್ಲಿಸುವ ಸಂಗತಿ ಬೇರೆ: ಆ ಚಿತ್ರದಲ್ಲಿ ಯಾವ ಹುಡುಗನಿಗೂ ಬಾಯಿಲ್ಲ. ಮೊದಲಿಂದ ಕೊನೆಯವರೆಗೆ ಮಾತಾಡುವವನು ನಿರೂಪಕನೊಬ್ಬನೇ. ಆ ಕತ್ತಲ ತರಗತಿಯಲ್ಲಿ ಕೂತ ನೂರು ಹುಡುಗರಲ್ಲಿ ಒಬ್ಬಿಬ್ಬರಾದರೂ, ತನ್ನಂಥವರು ತೆರೆಯ ಮೇಲೆ ಮೊದಲ ಸಲ ಬಂದದ್ದು ಹೀಗೆ ಎಂದು ನೋಡಿರಬೇಕು. ಆಮೇಲಿನ ದಶಕಗಳಲ್ಲಿ ಬಂದ ಒಳ್ಳೆಯ ಕಿರುಚಿತ್ರಗಳನ್ನು ಆ ಹುಡುಗರ ತಡವಾದ ಉತ್ತರ ಎಂದು ಓದುವುದು ನನ್ನ ಅಭ್ಯಾಸ. ನಿರೂಪಕನನ್ನು ಹೊರಗೆ ಕಳಿಸಿ, ಕ್ಯಾಮೆರಾವನ್ನು ಹುಡುಗನ ಪಕ್ಕಕ್ಕೆ ತಂದು ಇಟ್ಟ ಉತ್ತರ.

ಈಗ ನೋಡಬೇಕಾದ ಚಿತ್ರಗಳು. ಉದ್ದ ಪಟ್ಟಿ ಕೊಡುವುದಿಲ್ಲ. ಐವತ್ತನ್ನು ಒಮ್ಮೊಮ್ಮೆ ನೋಡುವ ಬದಲು ಐದನ್ನು ಹತ್ತು ಸಲ ನೋಡಿ, ಸಾಧ್ಯವಾದರೆ ಒಂದು ಸಲ ಧ್ವನಿ ತೆಗೆದು.

ಮೊದಲು ಬ್ರಿಟನ್ನಿನ ಟೆರೆನ್ಸ್ ಡೇವಿಸ್‌ರ ‘ಚಿಲ್ಡ್ರನ್’, 1976. ಕಿರುಚಿತ್ರವೆನ್ನಲು ತುಸು ಉದ್ದವೇ, ಮುಕ್ಕಾಲು ಗಂಟೆಯ ಆಸುಪಾಸು. ಬ್ರಿಟಿಷ್ ಫಿಲ್ಮ್ ಇನ್‌ಸ್ಟಿಟ್ಯೂಟ್ ಕೊಟ್ಟ 8,500 ಪೌಂಡ್‌ನಲ್ಲಿ ಮಾಡಿದ ಕಪ್ಪು-ಬಿಳುಪು ಚಿತ್ರ. ಲಿವರ್‌ಪೂಲ್‌ನ ಕ್ಯಾಥೊಲಿಕ್ ಹುಡುಗ ರಾಬರ್ಟ್. ಶಾಲೆಯಲ್ಲಿ ಏಟು ತಿನ್ನುವವನು, ಮನೆಯಲ್ಲಿ ಅಪ್ಪನ ಕಾಯಿಲೆ. ಅದರಲ್ಲಿ ಬಸ್ಸಿನ ಒಂದು ದೃಶ್ಯವಿದೆ. ತಾಯಿ, ಮಗ ಪಕ್ಕಪಕ್ಕ ಕೂತಿದ್ದಾರೆ. ಕ್ಯಾಮೆರಾ ಅಲುಗುವುದಿಲ್ಲ. ಬಹಳ ಹೊತ್ತು ಏನೂ ಆಗುವುದಿಲ್ಲ, ಆಮೇಲೆ ತಾಯಿ ಅಳಲು ಶುರುಮಾಡುತ್ತಾಳೆ. ಮಗ ನೋಡುತ್ತಾನೆ. ಅವಳ ಗುಟ್ಟು ಅವಳಲ್ಲಿ, ಅವನ ಗುಟ್ಟು ಅವನಲ್ಲಿ, ಇಬ್ಬರನ್ನೂ ಹೊತ್ತ ಬಸ್ಸು ಹೋಗುತ್ತಲೇ ಇದೆ. ನಿಮ್ಮ ಅಡುಗೆಮನೆ ದೃಶ್ಯದ ಪಕ್ಕ ಇದನ್ನಿಟ್ಟು ನೋಡಿ. ಇಲ್ಲೂ ತಾಯಿ ಇದ್ದಾಳೆ, ಇಲ್ಲೂ ಕಣ್ಣೀರಿದೆ. ಆದರೆ ಯಾರೂ ಯಾರಿಗೂ ಏನೂ ಹೇಳುವುದಿಲ್ಲ, ಹಾಗಾಗಿಯೇ ಇಬ್ಬರೂ ನಮ್ಮ ಕೈತಪ್ಪಿ ಹೋಗುವುದಿಲ್ಲ. ಡೇವಿಸ್ ಇದೇ ರಾಬರ್ಟ್‌ನ ಮುಂದಿನ ಬದುಕನ್ನು 1980 ಮತ್ತು 1983ರಲ್ಲಿ ಇನ್ನೆರಡು ಚಿತ್ರಗಳಾಗಿ ಮಾಡಿದರು. ಮೂರನ್ನೂ ಒಟ್ಟಿಗೆ ನೋಡಿದರೆ ಎದೆ ಭಾರವಾಗುತ್ತದೆ, ಹೇಳಿರುತ್ತೇನೆ.

ಎರಡನೆಯದು ಬ್ರೆಜಿಲ್‌ನ ಡೇನಿಯಲ್ ರಿಬೈರೊ 2010ರಲ್ಲಿ ಮಾಡಿದ ಹದಿನೇಳು ನಿಮಿಷದ ಚಿತ್ರ. ಹೆಸರಿನ ಅರ್ಥ ‘ನನಗೆ ಒಬ್ಬನೇ ಮನೆಗೆ ಹೋಗಲು ಇಷ್ಟವಿಲ್ಲ’ ಎಂದು. ಕಣ್ಣು ಕಾಣದ ಶಾಲಾ ಹುಡುಗ ಲಿಯೊನಾರ್ಡೊ, ದಿನಾ ಅವನನ್ನು ಮನೆಗೆ ಬಿಡುವ ಗೆಳತಿ, ಹೊಸದಾಗಿ ತರಗತಿಗೆ ಬಂದ ಇನ್ನೊಬ್ಬ ಹುಡುಗ. ಕದ್ದು ನೋಡುವುದು, ನೋಡಿದ್ದು ಗೊತ್ತಾಗಿ ಕಣ್ಣು ತಪ್ಪಿಸುವುದು, ಇದೇ ಈ ಬಗೆಯ ಚಿತ್ರಗಳ ಸವಕಲು ನಾಣ್ಯ. ರಿಬೈರೊ ಆ ನಾಣ್ಯವನ್ನೇ ಕಿತ್ತುಕೊಂಡರು. ನೋಡಲಾರದ ಹುಡುಗ ಪ್ರೀತಿಯನ್ನು ಎಲ್ಲಿಂದ ಹುಡುಕಿಕೊಳ್ಳಬೇಕು? ದನಿಯಿಂದ, ನಡೆಯುವಾಗ ಹಿಡಿದ ತೋಳಿನಿಂದ, ಇನ್ನೊಬ್ಬ ಬಿಟ್ಟುಹೋದ ಸ್ವೆಟ್‌ಶರ್ಟ್‌ನ ವಾಸನೆಯಿಂದ. ನಾಲ್ಕು ವರ್ಷದ ನಂತರ ಅದೇ ಮೂವರು ನಟರನ್ನಿಟ್ಟುಕೊಂಡು ಅವರು ಪೂರ್ಣಾವಧಿಯ ಚಿತ್ರ ಮಾಡಿದರು. 2014ರ ಬರ್ಲಿನ್ ಉತ್ಸವದಲ್ಲಿ ಅದಕ್ಕೆ, ಗೇ, ಲೆಸ್ಬಿಯನ್ ಬದುಕಿನಂಥ ವಸ್ತುವಿನ ಚಿತ್ರಗಳಿಗೆ ಕೊಡುವ ಟೆಡ್ಡಿ ಪ್ರಶಸ್ತಿ ಬಂತು. ಎರಡನ್ನೂ ಹಿಂದೆಮುಂದೆ ನೋಡಿದರೆ ಒಂದು ಪಾಠ ಸಿಗುತ್ತದೆ. ದೊಡ್ಡ ಚಿತ್ರದಲ್ಲಿ ಅಪ್ಪ ಅಮ್ಮ, ಹಟ, ಊರು ಬಿಟ್ಟು ಹೋಗುವ ಆಸೆ ಎಲ್ಲಕ್ಕೂ ಜಾಗವಿದೆ. ಚಿಕ್ಕದರಲ್ಲಿ ಸ್ವೆಟ್‌ಶರ್ಟ್ ಹೆಚ್ಚು ತೂಗುತ್ತದೆ. ನನಗೆ ಇವತ್ತಿಗೂ ಚಿಕ್ಕದೇ ಇಷ್ಟ.

ಅನಿಮೇಷನ್ ಎಂದು ಮೂಗು ಮುರಿಯದೆ ‘ಇನ್ ಎ ಹಾರ್ಟ್‌ಬೀಟ್’ ನೋಡಿ. ಎಸ್ಟೆಬಾನ್ ಬ್ರಾವೊ ಮತ್ತು ಬೆತ್ ಡೇವಿಡ್ ಎಂಬ ಇಬ್ಬರು ಅಮೆರಿಕದ ರಿಂಗ್ಲಿಂಗ್ ಕಲಾ ಕಾಲೇಜಿನಲ್ಲಿ ಓದುವಾಗ ಪದವಿಗಾಗಿ ಮಾಡಿದ್ದು, 2017. ನಾಲ್ಕೇ ನಿಮಿಷ, ಒಂದು ಮಾತಿಲ್ಲ. ಹುಡುಗನ ಎದೆಯಿಂದ ಹೃದಯವೇ ಜಿಗಿದು ಹೊರಬಂದು, ತಾನು ಮೆಚ್ಚಿದ ಹುಡುಗನ ಹಿಂದೆ ಓಡುತ್ತದೆ. ಇವನು ಅದನ್ನು ಹಿಡಿದು ಬಚ್ಚಿಡಲು ಅದರ ಹಿಂದೆ ಓಡುತ್ತಾನೆ. ‘ಮನಸ್ಸು ನನ್ನ ಮಾತು ಕೇಳಲಿಲ್ಲ’ ಅನ್ನುತ್ತೇವಲ್ಲ, ಅದನ್ನು ಅಕ್ಷರಶಃ ಚಿತ್ರ ಬರೆದ ಹಾಗೆ. ಎಲ್ಲರೂ ತನ್ನತ್ತ ತಿರುಗಿ ನೋಡುವ ಒಂದು ಗಳಿಗೆ ಅದರಲ್ಲಿದೆ. ಅಲ್ಲಿ ಯಾರೂ ಬಯ್ಯುವುದಿಲ್ಲ, ಹೊಡೆಯುವುದಿಲ್ಲ. ಸುಮ್ಮನೆ ನೋಡುತ್ತಾರೆ. ಅಷ್ಟಕ್ಕೇ ಹೃದಯ ಎರಡು ಹೋಳು. ಅವಮಾನ ತೋರಿಸಲು ಖಳನೇ ಬೇಕೆಂದು ನಂಬಿದವರೆಲ್ಲ ಆ ಹತ್ತು ಸೆಕೆಂಡನ್ನು ಎಣಿಸಿ ಎಣಿಸಿ ನೋಡಬೇಕು.

ಇವೆಲ್ಲ ನೋಡಿ ಮೈಯೆಲ್ಲ ವಿಷಾದವಾದರೆ ಫ್ರಾನ್ಸಿನ ಫ್ರಾನ್ಸ್ವಾ ಓಜೋನ್‌ರ ‘ಬೇಸಿಗೆಯ ಉಡುಪು’, 1996, ಹದಿನೈದು ನಿಮಿಷ. ಇದು ವಯಸ್ಕರಿಗಾಗಿ ಮಾಡಿದ್ದು. ಕಡಲತೀರದಲ್ಲಿ ರಜೆ ಕಳೆಯಲು ಬಂದ ಇಬ್ಬರು ಯುವಕರು. ಒಬ್ಬ ಅಂಗಳದಲ್ಲಿ ಹಾಡಿಗೆ ಎಗ್ಗಿಲ್ಲದೆ ಕುಣಿಯುತ್ತಾನೆ, ಇನ್ನೊಬ್ಬನಿಗೆ ಅಕ್ಕಪಕ್ಕದವರು ನೋಡಿದರೆ ಗತಿಯೇನು ಎಂಬ ಮುಜುಗರ. ಆ ಮುಜುಗರದವನ ಬಟ್ಟೆ ಸಮುದ್ರ ತೀರದಲ್ಲಿ ಕಳುವಾಗುತ್ತದೆ, ಅಲ್ಲಿ ಸಿಕ್ಕಿದವಳೊಬ್ಬಳು ಕೊಟ್ಟ ಹೂವಿನ ಉಡುಪು ತೊಟ್ಟು ಸೈಕಲ್ಲು ತುಳಿದುಕೊಂಡು ವಾಪಸು ಬರಬೇಕಾಗುತ್ತದೆ. ಪ್ರಾಯಕ್ಕೆ ಬರುವುದು ಎಂದರೆ ನೋವಿನ ಬಾಗಿಲಲ್ಲೇ ನುಗ್ಗಬೇಕೆಂದು ಯಾರು ಹೇಳಿದರು? ಇಲ್ಲಿ ಹುಡುಗ ದೊಡ್ಡವನಾಗುವುದು ತನ್ನ ಬಗ್ಗೆ ತಾನೇ ನಗಲು ಕಲಿತಾಗ. ಇವನಿಗೆ ಎದುರಾಳಿ ಇದ್ದದ್ದೂ ಹೊರಗಲ್ಲ. ‘ನೋಡಿದವರು ಏನೆಂದಾರು’ ಅನ್ನುವ ಅವನದೇ ಬಾಯಿ.

ಚಿಲಿ ದೇಶದ ಓಮರ್ ಸುನ್ಯಿಗಾ ಮಾಡಿದ ‘ಸಾನ್ ಕ್ರಿಸ್ಟೋಬಾಲ್’ ಜಾಗ ಆರಿಸಿಕೊಳ್ಳುವ ಬಗ್ಗೆ ಕಲಿಸುತ್ತದೆ. ದಕ್ಷಿಣದ ದೂರದ ದ್ವೀಪ, ಸೋದರಿಯನ್ನು ನೋಡಲು ಬಂದ ಯುವಕ, ಅಲ್ಲೇ ಬದುಕುವ ಮೀನುಗಾರ ಯುವಕ. ಒಬ್ಬ ಹೋಗಲಿರುವವನು, ಒಬ್ಬ ಉಳಿಯುವವನು. ಯಾರೂ ಏನೂ ಹೇಳುವ ಮೊದಲೇ ಗಡಿಯಾರ ಓಡತೊಡಗಿದೆ. 2015ರಲ್ಲಿ ಕಿರುಚಿತ್ರಕ್ಕೆ ಕೊಡುವ ಟೆಡ್ಡಿ ಇದಕ್ಕೆ ಸಂದಿತು. 2019ರಲ್ಲಿ ಇದೂ ದೊಡ್ಡ ಚಿತ್ರವಾಗಿ ಬೆಳೆಯಿತು.

‘ಟ್ರೆವರ್’ ಅನ್ನು ಬೇರೆಯೇ ಕಾರಣಕ್ಕೆ ನೋಡಬೇಕು. ಪೆಗ್ಗಿ ರಾಯ್ಸ್ಕಿ ನಿರ್ದೇಶಿಸಿದ 1994ರ ಅಮೆರಿಕದ ಚಿತ್ರ. 1995ರಲ್ಲಿ ಆಸ್ಕರ್ ಪಡೆಯಿತು, ಇನ್ನೊಂದು ಚಿತ್ರದ ಜೊತೆ ಹಂಚಿಕೊಂಡು. ಗಾಯಕಿ ಡಯಾನಾ ರಾಸ್ ಎಂದರೆ ಪ್ರಾಣ ಬಿಡುವ ಹದಿಮೂರರ ಹುಡುಗನ ದಿನಚರಿ. ಪ್ರಾಣ ಬಿಡಲು ಅವನು ನಿಜಕ್ಕೂ ಹೋಗುತ್ತಾನೆ, ಆದರೆ ಚಿತ್ರ ಅವನನ್ನು ಬಿಟ್ಟುಕೊಡುವುದಿಲ್ಲ, ನಗುವನ್ನೂ ಬಿಟ್ಟುಕೊಡುವುದಿಲ್ಲ. 1998ರಲ್ಲಿ ಟಿವಿಯಲ್ಲಿ ಪ್ರಸಾರವಾಗುವ ಹೊತ್ತಿಗೆ ಅದನ್ನು ಮಾಡಿದವರಿಗೆ ಒಂದು ದಿಗಿಲು ಹತ್ತಿತು: ಇದನ್ನು ಇಂಥದೇ ಸ್ಥಿತಿಯಲ್ಲಿರುವ ಹುಡುಗ ನೋಡಿದರೆ ಆಮೇಲೆ ಯಾರಿಗೆ ಫೋನು ಮಾಡಬೇಕು? ಅಂಥ ಎಳೆಯರಿಗಾಗಿ ದಿನದ ಇಪ್ಪತ್ನಾಲ್ಕು ಗಂಟೆ ನಡೆಯುವ ಸಹಾಯವಾಣಿ ಆಗ ಅಲ್ಲಿ ಇರಲಿಲ್ಲ. ತಾವೇ ಒಂದನ್ನು ಕಟ್ಟಿದರು. ಚಿತ್ರದ ಹೆಸರನ್ನೇ ಹೊತ್ತು ಟ್ರೆವರ್ ಪ್ರಾಜೆಕ್ಟ್ ಇಂದಿಗೂ ನಡೆಯುತ್ತಿದೆ.

ಇಷ್ಟು ಹೇಳಿದ್ದು ಏಕೆಂದರೆ, ಸಾವಿನ ಪ್ರತಿಯನ್ನೇ ತೆಗೆಯುತ್ತೇನೆಂದು ನೀವು ಹಟ ಹಿಡಿದರೆ ಜವಾಬ್ದಾರಿಯೂ ಬರುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಸಿನಿಮಾ, ನಾಟಕದವರಿಗೆಂದೇ ಆತ್ಮಹತ್ಯೆಯ ಚಿತ್ರಣದ ಬಗ್ಗೆ ಒಂದು ಕೈಪಿಡಿ ತಂದಿದೆ. ವಿಧಾನವನ್ನು ತೋರಿಸಬೇಡಿ, ಒಂದೇ ಕಾರಣಕ್ಕೆ ಕಟ್ಟಿಹಾಕಬೇಡಿ, ನೆರವು ಸಿಗುವ ದಾರಿ ಕಾಣಿಸಿ ಎಂಬುದು ಅದರ ಸಾರ. ನನ್ನ ಸಲಹೆ ಇನ್ನೂ ಸರಳ: ಆ ಪ್ರತಿಯನ್ನು ಹರಿದುಹಾಕಿ.

ಹಾಗಾದರೆ ಹೇಳಿಕೊಳ್ಳುವ ದೃಶ್ಯ ಯಾವತ್ತೂ ಕೂಡದೇ? ಕೂಡದು ಎಂದೇನಲ್ಲ. ಅನಿಮೇಷನ್ ಚಿತ್ರಗಳ ಪಿಕ್ಸಾರ್‌ನವರು 2020ರಲ್ಲಿ ‘ಔಟ್’ ಎಂಬ ಒಂಬತ್ತು ನಿಮಿಷದ ಚಿತ್ರ ಮಾಡಿದರು, ನಿರ್ದೇಶಕ ಸ್ಟೀವನ್ ಕ್ಲೇ ಹಂಟರ್. ಮನೆ ಬದಲಿಸುತ್ತಿರುವ ಯುವಕ ಗ್ರೆಗ್, ಹೇಳದೆ ಕೇಳದೆ ಬಂದ ಅಪ್ಪ ಅಮ್ಮ, ಅಡಗಿಸಬೇಕಾದ ಒಂದು ಫೋಟೊ. ಮಾಟದ ಕೊರಳಪಟ್ಟಿಯಿಂದಾಗಿ ಅವನ ಜೀವ ಅವನ ನಾಯಿಯ ಮೈಗೆ ಸೇರಿಬಿಡುತ್ತದೆ. ಆಗ ಅಮ್ಮ, ಎದುರಿರುವುದು ನಾಯಿ ಎಂದುಕೊಂಡು, ತನ್ನ ಮನಸ್ಸಿನಲ್ಲಿದ್ದದ್ದನ್ನು ಹೇಳಿಕೊಳ್ಳುತ್ತಾಳೆ. ಹೇಳಿಕೊಳ್ಳುವವಳು ಅವಳು, ಕೇಳಿಸಿಕೊಳ್ಳುವವನು ಮಗ. ಅರ್ಜಿ ಯಾರ ಕೈಯಲ್ಲಿದೆ ನೋಡಿ. ಅಡುಗೆಮನೆ ದೃಶ್ಯವನ್ನು ತಲೆಕೆಳಗು ಮಾಡಿದ್ದಾರೆ, ಮಕ್ಕಳೂ ನೋಡಿ ನಗುವ ಹಾಗೆ. ಇಂಥದೊಂದು ಉಪಾಯ ನಿಮಗೆ ಹೊಳೆದರೆ ಅಮ್ಮನನ್ನು ಧಾರಾಳವಾಗಿ ಕರೆತನ್ನಿ.

ಹೊಳೆಯದಿದ್ದರೆ, ಕನ್ನಡದಲ್ಲಿ ಬರೆಯುವ ನಿಮಗೆ ಎಷ್ಟೋ ಭಾಷೆಯವರಿಗೆ ಸುಲಭಕ್ಕೆ ಸಿಗದ ಒಂದು ಸವಲತ್ತಿದೆ, ಅದನ್ನು ಬಳಸಿಕೊಳ್ಳಿ. ನಮ್ಮ ‘ಅವರು’ ಗೌರವಕ್ಕೂ ಸರಿ, ಬಹುವಚನಕ್ಕೂ ಸರಿ, ಗುಟ್ಟಿಗೂ ಸರಿ. ‘ಯಾರ ಜೊತೆ ಹೋಗಿದ್ದೆ?’ ‘ಒಬ್ಬರು ಗೊತ್ತಿರೋರು.’ ‘ಏನು ಮಾಡ್ತಾರೆ?’ ‘ಓದ್ತಿದಾರೆ.’ ಗಂಡೋ ಹೆಣ್ಣೋ ಗೊತ್ತಾಗದ ಹಾಗೆ ಒಂದಿಡೀ ವರ್ಷ ಮಾತಾಡಬಹುದು. ಗುಟ್ಟು ಇಟ್ಟುಕೊಂಡವರು ಹೀಗೆ ‘ಅವರು’ಗಳ ಮರೆಯಲ್ಲಿ ನಡೆಯುವುದನ್ನು ಗಮನವಿಟ್ಟು ಕೇಳಿದವರಿಗೆ ಗೊತ್ತಿರುತ್ತದೆ. ಹತ್ತು ನಿಮಿಷ ‘ಅವರು’, ‘ಒಬ್ಬರು’, ‘ಫ್ರೆಂಡು’ ಎಂದು ಸಾಗಿಸಿದ ಹುಡುಗನ ಬಾಯಿಂದ, ತಟ್ಟೆಯ ಮುಂದೆ ಕೂತಾಗಲೋ ಚಪ್ಪಲಿ ಹಾಕಿಕೊಳ್ಳುವಾಗಲೋ, ‘ಅವನಿಗೆ ಖಾರ ಆಗಲ್ಲ’ ಎಂದು ಜಾರಿಬಿಟ್ಟರೆ? ರು ಹೋಗಿ ನು ಬಂತು. ಅಷ್ಟೇ. ಕೇಳಿಸಿಕೊಂಡವರ ಮುಖ ತೋರಿಸುವ ಅಗತ್ಯವೂ ಇಲ್ಲ. ಸಬ್‌ಟೈಟಲ್ ಬರೆಯುವವರಿಗೆ ಇದು ತಲೆನೋವು, ಅದನ್ನು ಅವರಿಗೇ ಬಿಡಿ.

ಪದಗಳ ವಿಷಯ ಬಂತು, ಅದನ್ನೂ ಮುಗಿಸುತ್ತೇನೆ. ‘ಸಲಿಂಗಕಾಮಿ’ ಎಂಬ ಪದವನ್ನು ಪಾತ್ರಗಳ ಬಾಯಿಗೆ ಹಾಕುವಾಗ ಯಾರ ಬಾಯಿಗೆ ಎಂದು ಯೋಚಿಸಿ. ಹುಡುಗ ಹುಡುಗಿ ಪ್ರೀತಿಸಿದರೆ ಪ್ರೇಮಿಗಳು, ಹುಡುಗರಿಬ್ಬರು ಪ್ರೀತಿಸಿದರೆ ಕಾಮಿಗಳು, ಇದು ಎಲ್ಲಿಯ ನ್ಯಾಯ ಎಂದು ಕೇಳುವವರಿದ್ದಾರೆ. ಕೇಳುವುದು ಸರಿಯಾಗಿಯೇ ಇದೆ. ಪತ್ರಿಕೆ ಓದುವ ಚಿಕ್ಕಪ್ಪ ಆ ಪದ ಆಡಬಹುದು. ಗೆಳೆಯರ ನಡುವೆ ‘ಗೇ’ ಎಂಬುದೇ ಸಹಜ. ಹತ್ತೊಂಬತ್ತರ ನಿಮ್ಮ ಹುಡುಗ ತನಗೆ ತಾನು ಯಾವ ಪದವನ್ನೂ ಹಚ್ಚಿಕೊಳ್ಳದೆ ಇರಬಹುದು. ಪದ ಸಿಗುವ ಮುಂಚಿನ ಕಾಲವೇ ಕಿರುಚಿತ್ರಕ್ಕೆ ಒಗ್ಗುವ ಕಾಲ. ‘ಪ್ರಾಯಕ್ಕೆ ಬಂದ’ ಅನ್ನುತ್ತೇವೆ, ಬಸ್ಸು ನಿಲ್ದಾಣಕ್ಕೆ ಬಂದ ಹಾಗೆ, ಒಂದು ಹೊತ್ತು ಗೊತ್ತು ಇದ್ದ ಹಾಗೆ. ಬರುವುದು ಹಾಗಲ್ಲ, ವರ್ಷಗಟ್ಟಲೆ ತೆಗೆದುಕೊಳ್ಳುತ್ತದೆ. ಅದನ್ನೆಲ್ಲ ಹೇಳಲು ಕಾದಂಬರಿ ಬೇಕು, ಇಲ್ಲ ದೊಡ್ಡ ಸಿನಿಮಾ ಬೇಕು. ಹದಿನೈದು ನಿಮಿಷಕ್ಕೆ ದಕ್ಕುವುದು ಒಂದೇ ಒಂದು ಹೊರಳು: ಇದಕ್ಕೆ ಮುಂಚೆ ಅವನಿಗೆ ಗೊತ್ತಿರಲಿಲ್ಲ, ಇನ್ನು ಗೊತ್ತಿಲ್ಲದ ಹಾಗೆ ಇರಲಾರ.

ಹಕ್ಕಿನ ಪ್ರಶ್ನೆ. ಗೇ ಅಲ್ಲದವರು ಈ ಕಥೆ ಬರೆಯಬಾರದು ಎಂಬ ನಿಯಮವನ್ನು ನಾನು ಒಪ್ಪುವುದಿಲ್ಲ. ಆದರೆ ನಿಮ್ಮ ಪತ್ರದಲ್ಲಿ ಅದಕ್ಕಿಂತ ಹತ್ತಿರದ ಪ್ರಶ್ನೆ ಅಡಗಿದೆ. ಟೈ ಕಟ್ಟಿದ್ದು ಯಾರು? ಅದು ನಿಮ್ಮ ಆಪ್ತ ಗೆಳೆಯ ನಿಮ್ಮನ್ನು ನಂಬಿ ಹೇಳಿದ ಸಂಗತಿಯಾಗಿದ್ದರೆ, ಕ್ಯಾಮೆರಾ ಬಾಡಿಗೆಗೆ ಹಿಡಿಯುವ ಮುಂಚೆ ಅವನನ್ನು ಕೇಳಬೇಕು. ಅವನು ಎಲ್ಲರಿಗೂ ಹೇಳಿಕೊಂಡವನೇ, ಕೆಲವರಿಗಷ್ಟೇ ಹೇಳಿದವನೇ? ಹೆಸರು ಬದಲಿಸಿದರೆ ಸಾಲದು. ಅವನ ಕಾಲೇಜು, ಅವನ ನಡಿಗೆ, ಅವನ ಮಾತಿನ ಒಂದು ಪಲ್ಲವಿ ಉಳಿದರೂ ಗೊತ್ತಿರುವವರಿಗೆ ಗೊತ್ತಾಗಿಬಿಡುತ್ತದೆ. ಅವನು ಹೇಳಬೇಕಾದ್ದನ್ನು ನಿಮ್ಮ ಸಿನಿಮಾ ಮೊದಲೇ ಹೇಳಿದ ಹಾಗಾಗುತ್ತದೆ. ಪ್ರತಿ ಓದಲು ಕೊಡಿ, ಬೇಡ ಎಂದರೆ ಬಿಟ್ಟುಬಿಡಿ, ಕೂತು ತಿದ್ದಿಕೊಟ್ಟರೆ ಟೈಟಲ್‌ನಲ್ಲಿ ಯಾವ ಹೆಸರು ಬರಬೇಕು, ಬರಬೇಕೋ ಬೇಡವೋ ಎಂದು ಅವನನ್ನೇ ಕೇಳಿ.

ಹೊರಗಿನವರು ಬರೆದಾಗ ಆಗುವ ತಪ್ಪು ಸಾಮಾನ್ಯವಾಗಿ ಕೆಟ್ಟತನದ್ದಲ್ಲ, ಅತಿ ಮರ್ಯಾದೆಯದ್ದು. ಹುಡುಗ ಒಳ್ಳೆಯವನು, ಮೃದು, ನೊಂದವನು; ಅದರಾಚೆ ಅವನಿಗೆ ಮತ್ತೇನೂ ಇಲ್ಲ. ನಿಮ್ಮ ಹುಡುಗ ಈ ವಿಷಯ ತಲೆಗೇ ಬಾರದ ಒಂದು ಮಂಗಳವಾರ ಏನು ಮಾಡುತ್ತಾನೆ? ಯಾರ ಮೇಲೆ ಹೊಟ್ಟೆಕಿಚ್ಚು ಪಡುತ್ತಾನೆ? ಸಾಲ ತೀರಿಸದೆ ಯಾರಿಂದ ತಲೆತಪ್ಪಿಸಿಕೊಂಡಿದ್ದಾನೆ? ಇದಕ್ಕೆ ಉತ್ತರ ಇಲ್ಲದಿದ್ದರೆ ಅವನಿನ್ನೂ ಹುಟ್ಟಿಲ್ಲ.

ನಟರ ವಿಷಯದಲ್ಲಿ ರಿಯಾಯಿತಿ ಇಲ್ಲ. ಪಾತ್ರಕ್ಕೆ ಹತ್ತೊಂಬತ್ತಾದರೂ ನಟ ಹದಿನೆಂಟು ದಾಟಿರಲೇಬೇಕು, ಇಪ್ಪತ್ತೆರಡು ಇಪ್ಪತ್ಮೂರರವನು ಸಿಕ್ಕರೆ ಇನ್ನೂ ಒಳ್ಳೆಯದು. ಮುತ್ತಿನ ದೃಶ್ಯ ಇದ್ದರೂ ಸರಿ, ಬರೀ ಭುಜಕ್ಕೆ ಭುಜ ತಾಗುವುದಿದ್ದರೂ ಸರಿ, ಕೈ ಎಲ್ಲಿಂದ ಎಲ್ಲಿಗೆ, ಎಷ್ಟು ಹೊತ್ತು ಎಂದು ಮೊದಲೇ ಮಾತಾಡಿ, ಬರೆದಿಟ್ಟು, ತಾಲೀಮು ಮಾಡಿ. ‘ಆ ಕ್ಷಣಕ್ಕೆ ಬಂದದ್ದು ಬರಲಿ’ ಎಂದು ನಟರನ್ನು ಬಿಡುವ ನಿರ್ದೇಶಕರನ್ನು ನಾನು ನಂಬುವುದಿಲ್ಲ. ಹೊಡೆದಾಟಕ್ಕೆ ಸಾಹಸ ನಿರ್ದೇಶಕ ಇರುವ ಹಾಗೆ ಇಂಥ ದೃಶ್ಯಗಳಿಗೆ ಇಂಟಿಮಸಿ ಕೋಆರ್ಡಿನೇಟರ್ ಎಂಬ ಕಸುಬೇ ಈಗ ಇದೆ. ಅಮೆರಿಕದ ಎಚ್‌ಬಿಓ ಟಿವಿ 2018ರಿಂದ ಅದನ್ನು ತನ್ನ ಸರಣಿಗಳಲ್ಲಿ ರೂಢಿಗೆ ತಂದಿತು. ನಿಮ್ಮ ಬಜೆಟ್ಟಿಗೆ ಅದು ಎಟುಕದಿದ್ದರೆ, ನಟರಿಬ್ಬರೂ ನಂಬುವ ಮೂರನೆಯವರೊಬ್ಬರು ಸೆಟ್ಟಿನಲ್ಲಿ ಇರಲಿ, ‘ನಿಲ್ಲಿಸಿ’ ಎನ್ನುವ ಅಧಿಕಾರ ಅವರಿಗಿರಲಿ. ಇನ್ನೊಂದು: ಚಿತ್ರ ಇಂಟರ್‌ನೆಟ್ಟಿಗೆ ಹೋದ ಮೇಲೆ ಆ ಎರಡು ಮುಖ ಅಲ್ಲೇ ಇರುತ್ತವೆ. ನಟರು ಗೇ ಇರಲಿ, ಇಲ್ಲದಿರಲಿ, ಅವರ ಮನೆಯವರು ನೋಡುತ್ತಾರೆ. ಪೋಸ್ಟರಿನಲ್ಲಿ ಏನಿರುತ್ತದೆ ಎಂಬುದನ್ನೂ ಮೊದಲೇ ಹೇಳಿ.

ಉತ್ಸವಗಳ ಲೆಕ್ಕ ಚುಟುಕಾಗಿ. ಆಸ್ಕರ್ ಪ್ರಕಾರ ಹೆಸರುಪಟ್ಟಿ ಸೇರಿ 40 ನಿಮಿಷದೊಳಗಿನದು ಕಿರುಚಿತ್ರ. ಬರ್ಲಿನ್ ಉತ್ಸವದಲ್ಲಿ 30, ಫ್ರಾನ್ಸಿನ ಕಾನ್ ಉತ್ಸವದಲ್ಲಿ 15. ಹದಿನೈದು ಒಳ್ಳೆಯ ಗುರಿ, ಹನ್ನೊಂದು ಇನ್ನೂ ಒಳ್ಳೆಯದು. ಬರ್ಲಿನ್‌ನ ಟೆಡ್ಡಿ 1987ರಿಂದ ಇದೆ, ಕಿರುಚಿತ್ರಕ್ಕೆ ಮೊದಲ ವರ್ಷ ಅದನ್ನು ಪಡೆದವರು ಅಮೆರಿಕದ ನಿರ್ದೇಶಕ ಗಸ್ ವಾನ್ ಸಾಂಟ್. ಕಾನ್‌ನಲ್ಲಿ 2010ರಿಂದ ಇಂಥದೇ ಕ್ವೀರ್ ಪಾಮ್ ಪ್ರಶಸ್ತಿ ಇದೆ. ವೇಲ್ಸ್ ದೇಶದ ಕಾರ್ಡಿಫ್‌ನಲ್ಲಿ 2007ರಲ್ಲಿ ಶುರುವಾದ ಐರಿಸ್ ಪ್ರಶಸ್ತಿ ಇಂಥ ಕಿರುಚಿತ್ರಗಳಿಗೆಂದೇ ಇರುವುದು. ಗೆದ್ದವರಿಗೆ ಸಿಗುವ ಹಣ ಜೇಬಿಗಲ್ಲ, ಮುಂದಿನ ಕಿರುಚಿತ್ರ ಮಾಡಲು. ಎಲ್ಲ ಬಾಗಿಲೂ ತೆರೆದಿರುವುದಿಲ್ಲ ಎಂಬುದೂ ಗೊತ್ತಿರಲಿ: ಮೇಲೆ ಹೇಳಿದ ರಿಬೈರೊ ಚಿತ್ರವನ್ನೇ 2011ರಲ್ಲಿ ಬ್ರೆಜಿಲ್‌ನ ಆಕ್ರೆ ರಾಜ್ಯದಲ್ಲಿ ಶಾಲೆಗಳಿಗೆ ತೋರಿಸುವ ಕಾರ್ಯಕ್ರಮದಿಂದ ತಡೆದರು. ಮುತ್ತೊಂದು ಬಿಟ್ಟರೆ ಬರೀ ತೋಳು ಹಿಡಿದು ನಡೆಯುವ, ಸ್ವೆಟ್‌ಶರ್ಟ್ ಮೂಸುವ ಚಿತ್ರವನ್ನು.

ಇನ್ನು ಟೈ.

‘ಏನೂ ನಡೆಯುವುದಿಲ್ಲ’ ಎಂದು ನೀವು ತೆಗೆದುಹಾಕಿದ ದೃಶ್ಯದಲ್ಲಿ ನಡೆಯುವುದನ್ನು ಎಣಿಸೋಣ. ತನ್ನ ಕತ್ತಿಗಷ್ಟೇ ಕಟ್ಟಲು ಬರುವ ಹುಡುಗ ಇನ್ನೊಬ್ಬನನ್ನು ತನ್ನ ಜಾಗದಲ್ಲಿ ನಿಲ್ಲಿಸಿಕೊಳ್ಳಬೇಕು. ತೋಳು ಎರಡೂ ಕಡೆಯಿಂದ ಸುತ್ತಬೇಕು, ತಬ್ಬಿಕೊಂಡ ಹಾಗೆ, ಆದರೆ ತಬ್ಬಿಕೊಳ್ಳದೆ. ಗೆಳೆಯನಿಗೆ ಸಂದರ್ಶನದ ಗಾಬರಿ, ಅವನ ಉಸಿರು ಇವನ ಮೊಣಕೈಗೆ ತಿಳಿಯುತ್ತದೆ. ಕಣ್ಣು ಕನ್ನಡಿಯಲ್ಲಿ ಗಂಟಿನ ಮೇಲಿರಬೇಕು, ಇರುವುದಿಲ್ಲ. ಅಡ್ಡ ಸುತ್ತು, ಒಳಗಿಂದ ಮೇಲಕ್ಕೆ, ಕೆಳಕ್ಕೆ ಎಳೆದು ಬಿಗಿ. ಪ್ರತಿ ಹಂತಕ್ಕೂ ಒಂದು ನೆಪ, ಪ್ರತಿ ನೆಪಕ್ಕೂ ಒಂದು ಅಂತ್ಯ. ಕನ್ನಡಿಯಲ್ಲಿ ಇಬ್ಬರ ಮುಖ ಒಂದೇ ಚೌಕಟ್ಟಿನೊಳಗೆ ಬಂದಿದೆ, ಫೋಟೊ ತೆಗೆಸಿಕೊಂಡವರ ಹಾಗೆ. ಅವನಿಗೆ ಗೊತ್ತಾಗುವುದು ಇಲ್ಲೇ. ಇದು ನಿಮ್ಮ ಚಿತ್ರದ ಒಂದು ದೃಶ್ಯವೆಂದು ಬರೆದಿರಿ. ಇದೇ ಚಿತ್ರ.

ನಾಲ್ಕನೇ ಪ್ರತಿಯನ್ನು ಗೆಳೆಯನ ಅಂಗಿಯ ಗುಂಡಿಯಿಂದ ಶುರುಮಾಡಿ. ಸಂಗೀತ ಬೇಡ, ಬಟ್ಟೆಯ ಸದ್ದು ಸಾಕು. ಟೈ ಬಿಗಿಯಾಗುವಾಗ ಒಂದು ಸಣ್ಣ ಸದ್ದಾಗುತ್ತದೆ, ಅದನ್ನು ಹತ್ತಿರದಿಂದ ಹಿಡಿಯಿರಿ. ಕ್ಯಾಮೆರಾ ಕನ್ನಡಿಯನ್ನು ನೋಡುವುದೋ, ಬೆನ್ನನ್ನು ನೋಡುವುದೋ ಎಂಬುದನ್ನು ಛಾಯಾಗ್ರಾಹಕರ ಜೊತೆ ಜಗಳವಾಡಿಯೇ ತೀರ್ಮಾನಿಸಿ. ಆಮೇಲೆ, ಗಂಟು ಸರಿಯಾಗಿಯೇ ಕೂತ ಮೇಲೆ, ಇಬ್ಬರಲ್ಲಿ ಒಬ್ಬ ಅದನ್ನು ಬಿಚ್ಚಿ ‘ಉದ್ದ ಸರಿಬರಲಿಲ್ಲ, ಇನ್ನೊಂದು ಸಲ’ ಅನ್ನಲಿ. ಬಿಚ್ಚಿದವನು ಕಟ್ಟಿದವನೋ, ಕಟ್ಟಿಸಿಕೊಂಡವನೋ? ಅದನ್ನು ಗೊತ್ತುಮಾಡಿಕೊಂಡು ಬರೆದು ಕಳಿಸಿ, ಓದುತ್ತೇನೆ.